ಭೂಕಂಪವಾದರೆ ಎತ್ತರದ ಕಟ್ಟಡವೇ ಮೊದಲು ಬೀಳುತ್ತದಾ?

ಓದುಗರ ಪ್ರಶ್ನೆ: ನಮ್ಮದು 12 ಮಹಡಿಯ ಅಪಾರ್ಟ್‌ಮೆಂಟ್. ಪಕ್ಕದಲ್ಲೇ ಎರಡಂತಸ್ತಿನ ಮನೆಗಳಿವೆ. ಭೂಮಿ ನಡುಗಿದರೆ ಅಪಾಯ ನಮಗೇ ಜಾಸ್ತಿ, ಅಲ್ವಾ?

ಎತ್ತರವೊಂದನ್ನೇ ನೋಡಿ ಹಾಗೆ ಹೇಳಲಾಗದು. ಮೊದಲು ಒಂದು ಆಟ ಆಡಿ. ಎರಡು ಬೀಗದ ಕೈಗಳಿಗೆ ದಾರ ಕಟ್ಟಿ, ಒಂದಕ್ಕೆ ಗೇಣುದ್ದ, ಇನ್ನೊಂದಕ್ಕೆ ಎರಡು ಮೊಳ. ಎರಡನ್ನೂ ಒಂದೇ ಕೋಲಿಗೆ ನೇತುಹಾಕಿ ಕೋಲನ್ನು ನಿಧಾನಕ್ಕೆ ಅತ್ತಿತ್ತ ಆಡಿಸಿ. ಒಂದು ಹದಕ್ಕೆ ಬಂದಾಗ ಉದ್ದ ದಾರದ ಕೈ ಜೋರಾಗಿ ತೂಗತೊಡಗುತ್ತದೆ. ಗಿಡ್ಡದ್ದು ಸುಮ್ನೆ ಕೋಲಿನ ಜೊತೆ ಹೋಗಿ ಬರುತ್ತಿರುತ್ತದೆ. ಇನ್ನಷ್ಟು ಬೇಗ ಆಡಿಸಿದರೆ ಗಿಡ್ಡದ್ದು ಹುಚ್ಚೆದ್ದು ಕುಣಿಯುತ್ತದೆ, ಉದ್ದದ್ದು ಹೆಚ್ಚುಕಮ್ಮಿ ನಿಂತೇಬಿಡುತ್ತದೆ.

ಕಟ್ಟಡಕ್ಕೂ ಹೀಗೇ ಅದರದ್ದೇ ತೂಗಾಟವಿದೆ. ಒಮ್ಮೆ ಅತ್ತ ಹೋಗಿ ಇತ್ತ ಬರಲು ಮಹಡಿಗೆ ಸುಮಾರು 0.1 ಸೆಕೆಂಡ್ ಎಂಬುದು ಎಂಜಿನಿಯರುಗಳ ಕೈಲೆಕ್ಕ. ಅಂದರೆ ನಿಮ್ಮದಕ್ಕೆ 1.2 ಸೆಕೆಂಡ್, ಪಕ್ಕದ ಮನೆಗೆ 0.2. ನೆಲ ಯಾವ ಲಯದಲ್ಲಿ ಅಲುಗುತ್ತದೋ ಆ ಲಯದ ಕಟ್ಟಡಕ್ಕೆ ಏಟು ಜಾಸ್ತಿ.

ಇದನ್ನು ಜಗತ್ತು ಕಣ್ಣಾರೆ ಕಂಡದ್ದು ಮೆಕ್ಸಿಕೋ ಸಿಟಿಯಲ್ಲಿ, 1985ರ ಸೆಪ್ಟೆಂಬರ್ 19ರ ಬೆಳಗ್ಗೆ. ಭೂಕಂಪ ಹುಟ್ಟಿದ್ದು ಊರಿಂದ 350 ಕಿಲೋಮೀಟರಿಗೂ ಆಚೆ, ಕರಾವಳಿಯಲ್ಲಿ. ಆದರೆ ಊರಿನ ನಡುಭಾಗ ನಿಂತಿರುವುದು ಹಳೇ ಕೆರೆಯಂಗಳದ ಮೆತ್ತನೆ ಜೇಡಿಯ ಮೇಲೆ. ಆ ಜೇಡಿ ಬಟ್ಟಲಲ್ಲಿಟ್ಟ ಹಲ್ವಾದ ಹಾಗೆ, ಸುಮಾರು ಎರಡು ಸೆಕೆಂಡಿಗೊಮ್ಮೆ ಓಲಾಡಿತು. ಅದೇ ಊರಿನ ಬಂಡೆ ನೆಲದ ಕಡೆ ನಡುಕ ಎಷ್ಟೋ ಕಡಿಮೆ. ಕೆರೆಯಂಗಳದಲ್ಲಿ ಹೆಚ್ಚು ಪೆಟ್ಟು ತಿಂದವು 6ರಿಂದ 15 ಮಹಡಿಯವು. ಹಳೇ ಕಾಲದ ಗಿಡ್ಡ ಕಟ್ಟಡಗಳು ಬಹುಪಾಲು ಉಳಿದವು. 44 ಮಹಡಿಯ ಲ್ಯಾಟಿನೋಅಮೆರಿಕಾನಾ ಗೋಪುರವೂ ಗಟ್ಟಿಯಾಗಿ ನಿಂತಿತು.

ಲೆಕ್ಕ ತಪ್ಪಿತಲ್ಲ, 10 ಮಹಡಿ ಅಂದರೆ ಒಂದೇ ಸೆಕೆಂಡ್ ತಾನೇ? ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವುದು ಈ ಜಾಗವೇ. ಅಲುಗಾಡಿ ಬಿರುಕು ಬಿಟ್ಟ ಕಟ್ಟಡ ಸಡಿಲವಾಗುತ್ತದೆ. ಸಡಿಲವಾದರೆ ತೂಗಾಟ ನಿಧಾನವಾಗುತ್ತದೆ. ಹೀಗೆ ಒಂದು ಸೆಕೆಂಡಿನವು ಏಟು ತಿನ್ನುತ್ತಾ ತಿನ್ನುತ್ತಾ ಎರಡು ಸೆಕೆಂಡಿನ ಕಡೆಗೆ, ನೆಲದ ಲಯಕ್ಕೇ ಹೋಗಿ ಸಿಕ್ಕಿಬಿದ್ದವು. ಗೋಪುರದ್ದು ಮೊದಲೇ ಎರಡು ಸೆಕೆಂಡ್ ದಾಟಿತ್ತು. ಇನ್ನಷ್ಟು ನಿಧಾನವಾದಷ್ಟೂ ಅದು ದೂರವೇ ಸರಿಯುತ್ತದೆ.

ಗಟ್ಟಿ ನೆಲದಲ್ಲಾದರೆ ನಡುಕ ಚುರುಕಾಗಿರುತ್ತದೆ, ಆಗ ಗಿಡ್ಡ ಮನೆಗಳಿಗೇ ಕಷ್ಟ.

ನಿಮ್ಮ ಕಟ್ಟಡದಲ್ಲಿ ನಾನು ನೋಡುವುದು ಮಹಡಿಗಿಂತ ಮೊದಲು ಪಾರ್ಕಿಂಗನ್ನು. 2001ರ ಜನವರಿ 26ರ ಭುಜ್ ಭೂಕಂಪ ಹುಟ್ಟಿದ್ದು ಅಹಮದಾಬಾದಿನಿಂದ 200 ಕಿಲೋಮೀಟರಿಗೂ ದೂರದಲ್ಲಿ. ಆದರೂ ಅಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಬಿದ್ದವುಗಳಲ್ಲಿ ಎಷ್ಟೋ ಕಟ್ಟಡಗಳಿಗೆ ಕೆಳಗೆ ಕಾರಿಗಾಗಿ ಬರೀ ಕಂಬ, ಮೇಲೆ ಗೋಡೆ ತುಂಬಿದ ಮಹಡಿಗಳು. ಮೇಲಿನದೆಲ್ಲ ಒಂದೇ ಪೆಟ್ಟಿಗೆಯ ಹಾಗೆ ಗಟ್ಟಿ, ಹಾಗಾಗಿ ಓಲಾಟವೆಲ್ಲ ಆ ಕಂಬಗಳ ಪಾಲಿಗೆ. ಇವತ್ತು ಗಾಡಿ ನಿಲ್ಲಿಸುವಾಗ ನೋಡಿ, ಕಂಬಗಳ ಮಧ್ಯೆ ಎಲ್ಲಾದರೂ ಅಡಿಯಿಂದ ಮೇಲಿನವರೆಗೂ ಹೋಗುವ ಕಾಂಕ್ರೀಟ್ ಗೋಡೆ ಇದೆಯಾ ಅಂತ.