ಹತ್ತು ತಿಂಗಳ ಅಡ್ವಾನ್ಸಿನಿಂದ ಲೀಸ್ ವಂಚನೆಯವರೆಗೆ: ಬೆಂಗಳೂರಿನ ಮನೆ ಮಾಲೀಕರು ಎಡವಿದ್ದೆಲ್ಲಿ?

ಎರಡು ತಿಂಗಳಿನಿಂದ ಬಾಡಿಗೆ ಬಂದಿಲ್ಲವೆಂದು ವಿಚಾರಿಸಲು ಹೋದ ಮಾಲೀಕರಿಗೆ, ಅವರದೇ ಮನೆಯ ಬಾಗಿಲನ್ನು ಅವರು ಎಂದೂ ಕಂಡಿರದ ಕುಟುಂಬವೊಂದು ತೆರೆಯುತ್ತದೆ. ಒಳಗಿರುವವರು 18 ಲಕ್ಷ ರೂಪಾಯಿ ಕೊಟ್ಟು ಮೂರು ವರ್ಷಕ್ಕೆ ಮನೆಯನ್ನು ಲೀಸ್‌ಗೆ ತೆಗೆದುಕೊಂಡಿರುವುದಾಗಿ ಹೇಳಿ ಕರಾರು ಪತ್ರ ತೋರಿಸುತ್ತಾರೆ. ಮಾಲೀಕರ ಬಳಿಯೂ ಒಂದು ಕರಾರು ಇದೆ. ಅದರಲ್ಲಿ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಎಂದಿದೆ. ಎರಡೂ ಪತ್ರಗಳಿಗೆ ಸಹಿ ಹಾಕಿದ ಮಧ್ಯವರ್ತಿಯ ಕಚೇರಿಗೆ ಬೀಗ ಬಿದ್ದಿದೆ. ಬಡಾವಣೆಯ ಹೆಸರೂ ಹಣದ ಮೊತ್ತವೂ ಬದಲಾಗಬಹುದು; ಆದರೆ ಕೆಲವು ವರ್ಷಗಳಿಂದ ಬೆಂಗಳೂರಿನ ಪೊಲೀಸ್ ಠಾಣೆಗಳ ಮೆಟ್ಟಿಲೇರುತ್ತಿರುವ ಬಾಡಿಗೆ ವಂಚನೆಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಇದು. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಕಾನೂನನ್ನೂ ಈ ಊರಿನ ರೂಢಿಯನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಎರಡನೇ ಮಹಾಯುದ್ಧದ ಅಭಾವದ ದಿನಗಳಲ್ಲಿ ದೇಶದ ನಗರಗಳಲ್ಲಿ ವ್ಯಾಪಕವಾದ ಬಾಡಿಗೆ ನಿಯಂತ್ರಣವು ನಮ್ಮಲ್ಲಿ 1961ರ ಕಾಯ್ದೆಯಾಗಿ ನೆಲೆಯೂರಿ, ನಾಲ್ಕು ದಶಕಗಳ ಕಾಲ ಚಾಮರಾಜಪೇಟೆಯ ವಠಾರಗಳನ್ನೂ ಚಿಕ್ಕಪೇಟೆಯ ಮಳಿಗೆಗಳನ್ನೂ ಆಳಿ, ಕೊನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಜಾಗ ಬಿಟ್ಟುಕೊಟ್ಟಿತು. ಹೊಸ ಕಾಯ್ದೆ ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಮೊತ್ತಕ್ಕೆ ಇಂದು ಈ ಊರಿನಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ. ಹಾಗಾಗಿ ನಗರದ ಬಹುಪಾಲು ಬಾಡಿಗೆ ಮನೆಗಳು ಈಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ.

ಮಾಲೀಕರು ಇದನ್ನು ಬಿಡುಗಡೆಯೆಂದೇ ಭಾವಿಸಿದರು. ಆ ಭಾವನೆಯಲ್ಲಿ ಅರ್ಥವಿತ್ತು. ಹಳೆಯ ಕಾಯ್ದೆ ಪಟ್ಟಿ ಮಾಡಿದ ಕಾರಣಗಳ ಹೊರತು ಬಾಡಿಗೆದಾರರನ್ನು ಖಾಲಿ ಮಾಡಿಸಲು ಬಿಡುತ್ತಿರಲಿಲ್ಲ, ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಾದರೋ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟಿಸ್ ಸಾಕು. ಆದರೆ ಈ ಸ್ಥಳಾಂತರದಲ್ಲಿ ಒಂದು ರಕ್ಷಣೆ ಸದ್ದಿಲ್ಲದೆ ಕಳೆದುಹೋಯಿತು. ಮಾಲೀಕರ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು ಬಾಡಿಗೆ ಕಾಯ್ದೆಗಳಲ್ಲಿ ಖಾಲಿ ಮಾಡಿಸಲು ನೇರ ಕಾರಣವಾಗಿತ್ತು. 1882ರ ಕಾಯ್ದೆಯ 108ನೇ ಸೆಕ್ಷನ್ ಹೇಳುವುದು ಬೇರೆ: ಕರಾರಿನಲ್ಲಿ ಬೇಡವೆಂದು ಬರೆದಿರದಿದ್ದರೆ ಬಾಡಿಗೆದಾರನು ಮನೆಯನ್ನು ಇನ್ನೊಬ್ಬರಿಗೆ ಕೊಡಬಹುದು. ಸ್ಟ್ಯಾಂಪ್ ಪೇಪರ್ ಅಂಗಡಿಯಲ್ಲಿ ಹೆಸರು, ಮೊತ್ತ ತುಂಬಿಸಿ ಅಚ್ಚು ಹಾಕಿಸಿಕೊಳ್ಳುವ ಎರಡು ಪುಟದ ಕರಾರಿನಲ್ಲಿ ಆ ಒಂದು ಸಾಲು ಇದೆಯೋ ಇಲ್ಲವೋ ಎಂದು ನೋಡುವವರು ವಿರಳ.

ನೋಡದಿರಲು ಕಾರಣ ಬಹುಶಃ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಟ್ಟುಕೊಳ್ಳುವುದು ಬೆಂಗಳೂರಿನ ಹಳೆಯ ರೂಢಿ, ಬೇರೆ ಊರುಗಳಿಂದ ಬಂದವರು ಬೆಚ್ಚಿಬೀಳುವ ರೂಢಿ. ಅಷ್ಟು ಹಣ ಕೈಯಲ್ಲಿದ್ದ ಮೇಲೆ ಕಾಗದ ಹೇಗಿದ್ದರೇನು ಎಂಬ ನೆಮ್ಮದಿಯನ್ನು ಅದು ಕೊಟ್ಟಿತು. ಆದರೆ ಆ ನೆಮ್ಮದಿ ಹುಸಿ: 20,000 ರೂಪಾಯಿ ಬಾಡಿಗೆಯ ಮನೆಗೆ ಎರಡು ಲಕ್ಷ ಅಡ್ವಾನ್ಸ್ ಇದ್ದರೆ, ಬಾಡಿಗೆ ಕಟ್ಟದೆ ಕುಳಿತವರ ಲೆಕ್ಕದಲ್ಲಿ ಅದು ಹತ್ತು ತಿಂಗಳಲ್ಲಿ ಕರಗುತ್ತದೆ. ಖಾಲಿ ಮಾಡಿಸುವ ದಾವೆ, ಮೇಲ್ಮನವಿ, ತೀರ್ಪಿನ ಅಮಲ್ಜಾರಿ ಎಲ್ಲ ಸೇರಿದರೆ ವರ್ಷಗಳೇ ಹಿಡಿಯುತ್ತವೆ. 11 ತಿಂಗಳ ಕರಾರಿನ ಕಥೆಯೂ ಇಂಥದ್ದೇ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕಾದ್ದರಿಂದ, ಆ ಖರ್ಚು ಮತ್ತು ಓಡಾಟ ತಪ್ಪಿಸಲು 11 ಎಂಬ ಸಂಖ್ಯೆ ಬಂದಿತು. ಅದಕ್ಕೆ ಬೇರಾವ ಕಾನೂನಿನ ಮಹಿಮೆಯೂ ಇಲ್ಲ.

ಇದೇ ಊರಿನ ಇನ್ನೊಂದು ರೂಢಿ ಲೀಸ್, ಹಳಬರ ಮಾತಿನಲ್ಲಿ ಭೋಗ್ಯ. ದೊಡ್ಡ ಮೊತ್ತವೊಂದನ್ನು ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವುದು. ಮಗಳ ಮದುವೆಗೋ ಮೇಲಂತಸ್ತು ಕಟ್ಟಲೋ ಒಟ್ಟಿಗೆ ಹಣ ಬೇಕಾದ ಮಾಲೀಕರಿಗೂ, ಉಳಿತಾಯವಿದ್ದು ಸಂಬಳ ಸಣ್ಣದಿದ್ದ ಕುಟುಂಬಕ್ಕೂ ಅದು ಹೊಂದುತ್ತಿತ್ತು. ಎದುರುಬದುರು ಕುಳಿತು ಮಾತಾಡುತ್ತಿದ್ದುದರಿಂದ ಮೋಸಕ್ಕೆ ಅವಕಾಶವೂ ಕಡಿಮೆಯಿತ್ತು. ಮಾಲೀಕರು ಅಮೆರಿಕದಲ್ಲೋ ಮೈಸೂರಿನಲ್ಲೋ ಇದ್ದು, ಮನೆ ವೈಟ್‌ಫೀಲ್ಡ್‌ನಲ್ಲೋ ಹೆಬ್ಬಾಳದಲ್ಲೋ ಇರುವ ಕಾಲ ಬಂದಾಗ ಈ ಎರಡು ರೂಢಿಗಳ ನಡುವೆ ಮಧ್ಯವರ್ತಿ ಬಂದು ನಿಂತನು. ಮಾಲೀಕರಿಂದ ಮನೆಯನ್ನು ಬಾಡಿಗೆಗೆ ಪಡೆಯುತ್ತಾನೆ, ಕುಟುಂಬಕ್ಕೆ ಲೀಸ್‌ಗೆ ಕೊಡುತ್ತಾನೆ. ಮಾಲೀಕರಿಗೆ ತಲೆನೋವಿಲ್ಲದೆ ಒಂದನೇ ತಾರೀಖಿಗೆ ಬಾಡಿಗೆ, ಕುಟುಂಬಕ್ಕೆ ಬಾಡಿಗೆಯಿಲ್ಲದ ಮನೆ.

ಇಬ್ಬರಿಗೂ ಲಾಭವಾದರೆ ನಷ್ಟ ಯಾರಿಗೆ ಎಂದು ಒಂದು ನಿಮಿಷ ಕಾಗದ, ಪೆನ್ನು ಹಿಡಿದು ಕುಳಿತರೆ ಸಾಕು. 18 ಲಕ್ಷ ಪಡೆದವನು ತಿಂಗಳಿಗೆ 25,000ದಂತೆ ಮೂರು ವರ್ಷದಲ್ಲಿ ಮಾಲೀಕರಿಗೆ 9 ಲಕ್ಷ ಕಟ್ಟುತ್ತಾನೆ. ಅವನಲ್ಲಿ ಉಳಿಯುವುದು 9 ಲಕ್ಷ, ಹಿಂದಿರುಗಿಸಬೇಕಾದದ್ದು 18 ಲಕ್ಷ. ತಿಂಗಳು ತಿಂಗಳು ಕರಗುವ ಹಣದ ಮೇಲೆ ಇಷ್ಟು ಗಳಿಸಿಕೊಡುವ ಪ್ರಾಮಾಣಿಕ ವ್ಯವಹಾರ ಯಾವುದಿದೆಯೆಂದು ಈ ಲೇಖಕನಿಗಂತೂ ಹೊಳೆಯುವುದಿಲ್ಲ. ಮುಂದಿನ ಕುಟುಂಬದ ಹಣದಿಂದ ಹಿಂದಿನ ಮನೆಯ ಬಾಡಿಗೆ ಕಟ್ಟುತ್ತಾ ಹೋದರೆ ಸರಪಳಿ ಕೆಲಕಾಲ ಎಳೆಯುತ್ತದೆ, ಹೊಸ ಮನೆಗಳು ಸಿಗುವುದು ನಿಂತ ತಿಂಗಳು ಕಡಿದುಬೀಳುತ್ತದೆ. ಆಗ ಬೀದಿಯಲ್ಲಿ ನಿಂತು ಜಗಳವಾಡುವವರು ಮಾಲೀಕರು ಮತ್ತು ಕುಟುಂಬ, ಅಂದರೆ ಮೋಸಹೋದ ಇಬ್ಬರು.

ಮೂರು ವರ್ಷದ ಲೀಸ್ ಪತ್ರ ನೋಂದಣಿಯಾಗಬೇಕಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಉಪ ನೋಂದಣಾಧಿಕಾರಿಯ ಎದುರು ಹೋಗಿದ್ದರೆ ಮಾಲೀಕರೆಲ್ಲಿ, ಅವರ ಅಧಿಕಾರ ಪತ್ರವೆಲ್ಲಿ ಎಂಬ ಪ್ರಶ್ನೆ ಏಳುತ್ತಿತ್ತು. ನೋಟರಿಯ ಮೊಹರು ಸಹಿ ಹಾಕಿದವರನ್ನು ದೃಢೀಕರಿಸುತ್ತದೆಯೇ ಹೊರತು ಮನೆ ಯಾರದೆಂದು ಪರೀಕ್ಷಿಸುವುದಿಲ್ಲ. ಖರ್ಚು ಉಳಿಸಲು ಎಲ್ಲರೂ ಸೇರಿ ಬಿಟ್ಟುಬಿಟ್ಟ ಆ ಒಂದು ಹೆಜ್ಜೆಯಲ್ಲೇ ವಂಚಕನಿಗೆ ದಾರಿ ಸಿಕ್ಕಿತು.

ಆದ್ದರಿಂದ ಮಾಲೀಕರ ರಕ್ಷಣೆ ಶುರುವಾಗುವುದು ಕರಾರಿನ ಭಾಷೆಯಿಂದ. ಒಳಬಾಡಿಗೆ, ಲೀಸ್, ಪೇಯಿಂಗ್ ಗೆಸ್ಟ್ ಯಾವುದಕ್ಕೂ ಲಿಖಿತ ಒಪ್ಪಿಗೆಯಿಲ್ಲದೆ ಕೊಡಬಾರದೆಂಬ ಸಾಲು, ವಾಸಿಸುವ ಪ್ರತಿಯೊಬ್ಬ ವಯಸ್ಕರ ಹೆಸರು, ಅವಧಿ ಮುಗಿದ ಮೇಲೂ ಉಳಿದರೆ ಕೊಡಬೇಕಾದ ಮೊತ್ತ ಅದರಲ್ಲಿ ಇರಬೇಕು. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ನ್ಯಾಯಾಲಯ ದಂಡ ಕಟ್ಟಿಸಿಕೊಳ್ಳದೆ ಸಾಕ್ಷ್ಯವಾಗಿ ಸ್ವೀಕರಿಸದು, ಆ ದಂಡ ಬಾಕಿಯ ಹತ್ತು ಪಟ್ಟು. ಬಾಡಿಗೆ ಬ್ಯಾಂಕ್ ಖಾತೆಗೇ ಬರಬೇಕು, ಅದೂ ಕರಾರಿನಲ್ಲಿ ಹೆಸರಿರುವವರ ಖಾತೆಯಿಂದ. ಮೂರನೆಯವರ ಖಾತೆಯಿಂದ ಬರತೊಡಗಿದರೆ ಅದೇ ಮೊದಲ ಸುಳಿವು. ದೂರದಲ್ಲಿರುವವರು ಮಧ್ಯವರ್ತಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆದುಕೊಡುವ ಮೊದಲು, ಬಾಡಿಗೆ ವಸೂಲಿಗೆ ಮಾತ್ರ ಸೀಮಿತವಾದ ಅಧಿಕಾರ ಪತ್ರ ಸಾಲದೇ ಎಂದು ವಕೀಲರನ್ನು ಕೇಳುವುದು ಕ್ಷೇಮ. ಮೂರು ತಿಂಗಳಿಗೊಮ್ಮೆ, ಮುಂಚೆ ತಿಳಿಸಿ, ಮನೆಗೆ ಹೋಗಿ ಬರಬೇಕು. ಮಾಂಸಾಹಾರಿಗಳೇ, ಮದುವೆಯಾಗಿದೆಯೇ ಎಂದು ಗಂಟೆಗಟ್ಟಲೆ ವಿಚಾರಿಸುವ ನಮ್ಮ ಮಾಲೀಕರು, ಬೀಗದ ಕೈ ಕೊಟ್ಟ ಮೇಲೆ ಒಳಗೆ ಯಾರಿದ್ದಾರೆಂದು ನೋಡದಿರುವುದು ವಿಚಿತ್ರ.

ಯುಪಿಐ ಬಂದ ಮೇಲೆ ಮನೆಗೆ ಕಾಲಿಡದ ಬಾಡಿಗೆದಾರರೂ ಬಂದರು. ಸೇನೆಯ ಅಧಿಕಾರಿ, ಬೆಂಗಳೂರಿಗೆ ವರ್ಗವಾಗಿದೆ, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ಕರೆ ಅದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿದವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಿದ್ಯುತ್ ಬಿಲ್ಲಿನ ಪ್ರತಿಯನ್ನು ಕೇಳಿದವರಿಗೆಲ್ಲ ಕೊಡುವುದೂ ಅಪಾಯವೇ. ಬಾಡಿಗೆ ಕರಾರಿನೊಂದಿಗೆ ಅದನ್ನು ಜಿಎಸ್‌ಟಿ ನೋಂದಣಿಗೆ ವಿಳಾಸದ ಪುರಾವೆಯಾಗಿ ಬಳಸಬಹುದು, ಆಮೇಲೆ ನೋಟಿಸ್ ಬರುವುದು ಆ ವಿಳಾಸಕ್ಕೆ.

ಮೋಸ ಗೊತ್ತಾದ ದಿನ ಮಾಲೀಕರಿಗೆ ಮೊದಲು ತೋಚುವುದು ನೀರು, ಕರೆಂಟು ಕಡಿದು ಬೀಗ ಹಾಕುವುದು. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಮಾಲೀಕತ್ವದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದಾಗುತ್ತದೆ ಎಂಬ ಭಯವೂ ಅತಿಯಾದದ್ದು. ಒಪ್ಪಿಗೆಯಿಂದ ಒಳಬಂದ ಬಾಡಿಗೆದಾರನ ವಾಸ ತಾನಾಗಿಯೇ ಪ್ರತಿಕೂಲ ಸ್ವಾಧೀನವಾಗದು. ನೋಟಿಸ್ ಕೊಡುವುದು, ದಾವೆ ಹೂಡುವುದು, ಮಧ್ಯವರ್ತಿಯಿದ್ದರೆ ಒಳಗಿರುವ ಕುಟುಂಬದೊಂದಿಗೆ ಸೇರಿಯೇ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಅಡಿ ವಂಚನೆಯ ದೂರು ಕೊಡುವುದು ಉಳಿದಿರುವ ದಾರಿ. ಇದು ಸಿವಿಲ್ ವಿಚಾರ ಎಂಬ ಉತ್ತರ ಠಾಣೆಯಲ್ಲಿ ಸಿಗಬಹುದು. ಎರಡು ಕಡೆಯ ಕರಾರುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಹಾಗೆನ್ನುವುದು ಕಷ್ಟವಾಗುತ್ತದೆ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇವುಗಳಿಗೆ ಕೆಲವು ಉತ್ತರಗಳಿವೆ. ಪ್ರತಿ ಕರಾರಿನ ಮಾಹಿತಿಯೂ ಬಾಡಿಗೆ ಪ್ರಾಧಿಕಾರಕ್ಕೆ ಹೋಗಬೇಕು, ಒಳಬಾಡಿಗೆಗೆ ಲಿಖಿತ ಒಪ್ಪಂದ ಬೇಕು, ಅವಧಿ ಮೀರಿ ಉಳಿದರೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಆದರೆ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿರಬಾರದೆಂದೂ ಅದು ಹೇಳುತ್ತದೆ. ಈ ಮಾದರಿ ಕಾಯ್ದೆಯನ್ನು ಒಪ್ಪಿಕೊಳ್ಳುವುದು ರಾಜ್ಯಗಳಿಗೆ ಬಿಟ್ಟದ್ದು. ಹತ್ತು ತಿಂಗಳ ಅಭ್ಯಾಸವಿರುವ ಊರಿನಲ್ಲಿ ಅದರ ಪರವಾಗಿ ಮಾಲೀಕರ ದನಿ ಕೇಳಿಬರದಿರುವುದು ಅಚ್ಚರಿಯೇನಲ್ಲ.

ಬಿಟ್ಟು ಹೋಗುವ ದಿನದ ಕೆಲಸವೂ ಇದೆ. ಮೀಟರ್ ರೀಡಿಂಗ್‌ನ ಫೋಟೊ ತೆಗೆದುಕೊಳ್ಳಬೇಕು. ಹೋಗುವವರು ಗೃಹಜ್ಯೋತಿಗಾಗಿ ತಮ್ಮ ಆಧಾರ್ ಅನ್ನು ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಗೆ ಜೋಡಿಸಿದ್ದರೆ ಅದನ್ನು ತೆಗೆಸಬೇಕು. ಸ್ವಾಧೀನ ಮರಳಿಸಿದ್ದೇನೆಂದು ಒಂದು ಸಾಲು ಬರೆಸಿ ಸಹಿ ಪಡೆದ ಮೇಲೆಯೇ ಅಡ್ವಾನ್ಸ್ ವಾಪಸು ಕೊಡಬೇಕು, ಮತ್ತು ಅದೇ ಸಂಜೆ ಬೀಗ ಬದಲಿಸಬೇಕು.