ಪದ ಪರಿಚಯ: ಫ್ಲೇಕಿ ಟೆಸ್ಟ್

ಇಂಗ್ಲಿಷಿನ ‘ಫ್ಲೇಕಿ’ ಎಂಬ ಮಾತಿಗೆ ಹಕ್ಕಳೆ ಹಕ್ಕಳೆಯಾಗಿ ಉದುರುವಂಥದ್ದು ಎಂಬುದು ಮೂಲಾರ್ಥ. ಹೇಳಿದಂತೆ ನಡೆದುಕೊಳ್ಳದ, ನೆಚ್ಚಲಾಗದ ಮನುಷ್ಯನಿಗೂ ಅದು ಆಡುಮಾತಿನಲ್ಲಿ ಸಲ್ಲುತ್ತದೆ. ತಂತ್ರಾಂಶದ ಕೆಲಸಕ್ಕೆ ಹೊಂದುವುದು ಈ ಎರಡನೆಯ ಅರ್ಥ. ಕೋಡಿನಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಸ್ವಯಂಚಾಲಿತ ಪರೀಕ್ಷೆಯೇ (ತಂತ್ರಾಂಶ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಾನಾಗಿ ತಾಳೆ ನೋಡುವ ಕೋಡು) ಫ್ಲೇಕಿ ಟೆಸ್ಟ್. ಇದನ್ನು ‘ಚಂಚಲ ಪರೀಕ್ಷೆ’ ಎನ್ನಬಹುದಾದರೂ ಆ ಮಾತಿನಲ್ಲಿ ಕಾರಣವಿಲ್ಲದೆ ಮನಬಂದಂತೆ ಎಂಬ ಧ್ವನಿಯಿದೆ. ಇಲ್ಲಿ ಕಾರಣ ಇದ್ದೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಹಾಗಾಗಿ ‘ನೆಚ್ಚಲಾಗದ ಪರೀಕ್ಷೆ’ ಎಂಬುದೇ ನನಗೆ ಒಪ್ಪಿತ.

ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಗಳ ಆ ದಿನದ ಧಾರಣೆಯನ್ನು ತೋರಿಸುವ ಆ್ಯಪ್ ಒಂದಿದೆ ಎಂದುಕೊಳ್ಳೋಣ. ಆ್ಯಪ್ ಬಳಸುವುದು ಭಾರತೀಯ ಕಾಲಮಾನದ ತಾರೀಖನ್ನು. ಅದನ್ನು ತಾಳೆ ನೋಡುವ ಪರೀಕ್ಷೆಯಾದರೋ ತಾನು ಓಡುತ್ತಿರುವ ಯಂತ್ರದ ಗಡಿಯಾರವನ್ನು ನಂಬುತ್ತದೆ. ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಅದು ಎಂದೂ ತಪ್ಪುವುದಿಲ್ಲ. ಆದರೆ ಕಂಟಿನ್ಯುಯಸ್ ಇಂಟಿಗ್ರೇಶನ್, ಅಂದರೆ ತಂಡದವರ ಕೋಡು ಒಂದೆಡೆ ಸೇರಿದಾಗಲೆಲ್ಲ ಪರೀಕ್ಷೆಗಳನ್ನು ತಾನಾಗಿ ನಡೆಸುವ ವ್ಯವಸ್ಥೆಯ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತವೆ. ಅದು ನಮಗಿಂತ ಐದೂವರೆ ಗಂಟೆ ಹಿಂದಿರುವುದರಿಂದ, ನಮ್ಮ ನಡುರಾತ್ರಿಯಿಂದ ಬೆಳಗಿನ ಜಾವ 5:30ರವರೆಗೆ ಅಲ್ಲಿ ನಿನ್ನೆಯ ತಾರೀಖೇ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಹಗಲೆಲ್ಲ ಕರೆಂಟಿಲ್ಲದೆ ರಾತ್ರಿ ಕುಳಿತು ಕೋಡು ಕಳಿಸಿದವರಿಗೆ ಫೇಲಿನ ಕೆಂಪು ಗುರುತು, ಬೆಳಿಗ್ಗೆ ಕಾಫಿ ಕುಡಿದು ಅದನ್ನೇ ಮತ್ತೆ ಓಡಿಸಿದವರಿಗೆ ಪಾಸಿನ ಹಸಿರು. ಪರೀಕ್ಷೆಯೊಳಗೆ ಗಡಿಯಾರವನ್ನು ಒಂದು ಹೊತ್ತಿಗೆ ನಿಲ್ಲಿಸಿಡುವುದು ಇದಕ್ಕೆ ಪರಿಹಾರ. ರಾತ್ರಿ ಒಂದು ಗಂಟೆಯೆಂಬ ತೊಡಕಿನ ಹೊತ್ತನ್ನೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ಗಡಿಯಾರಕ್ಕಿಂತ ಹೆಚ್ಚು ಕಾಡುವುದು ಕಾಯುವಿಕೆ. ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಯೋಜನೆಗಳ ತಿದ್ದುಪಡಿಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾರಣ ಗುರುತಿಸಲಾದ ಪ್ರಕರಣಗಳ ಪೈಕಿ ಶೇ. 45ರಷ್ಟು, ಉತ್ತರ ಬರುವ ಮೊದಲೇ ಪರೀಕ್ಷೆ ಮುಂದುವರಿದದ್ದರಿಂದ ಆದಂಥವು. ‘ಎರಡು ಸೆಕೆಂಡು ಕಾಯಿ’ ಎಂದು ಬರೆದರೆ ವೇಗದ ಯಂತ್ರದಲ್ಲಿ ಸಮಯ ವ್ಯರ್ಥವಾಗುತ್ತದೆ, ನಿಧಾನದ ಯಂತ್ರದಲ್ಲಿ ಅದು ಸಾಲುವುದಿಲ್ಲ. ‘ಧಾರಣೆಯ ಪಟ್ಟಿ ಕಾಣಿಸುವವರೆಗೆ, ಹೆಚ್ಚೆಂದರೆ ಹತ್ತು ಸೆಕೆಂಡು ಕಾಯಿ’ ಎಂದು ಬರೆಯಬೇಕು. ಹಿಂದಿನ ಪರೀಕ್ಷೆ ಡೇಟಾಬೇಸಿನಲ್ಲಿ ಉಳಿಸಿಹೋದದ್ದನ್ನು ಮುಂದಿನದು ನೆಚ್ಚಿಕೊಂಡಿರುವುದೂ ಸಾಮಾನ್ಯ ಕಾರಣವೇ.

ಫೇಲಾದದ್ದನ್ನು ಮತ್ತೆ ಓಡಿಸಿ ಹಸಿರು ಮಾಡಿಕೊಳ್ಳುವುದು ಎಲ್ಲರೂ ಹಿಡಿಯುವ ಸುಲಭದ ದಾರಿ, ನಾನೂ ಹಿಡಿದಿದ್ದೇನೆ. ಆದರೆ ಸಾವಿರಕ್ಕೊಮ್ಮೆ ಮಾತ್ರ ತಪ್ಪುವ ಪರೀಕ್ಷೆಗಳು 500 ಇದ್ದರೂ, ಅವೆಲ್ಲವನ್ನೂ ಒಟ್ಟಿಗೆ ಓಡಿಸುವ ನೂರು ಓಟಗಳಲ್ಲಿ ಸುಮಾರು 39 ಹೊಸ ದೋಷವಿಲ್ಲದೆಯೂ ಕೆಂಪಾಗುತ್ತವೆ. ಆಮೇಲೆ ನಿಜವಾದ ದೋಷ ಬಂದಾಗಲೂ ‘ಇನ್ನೊಮ್ಮೆ ಓಡಿಸಿ ನೋಡೋಣ’ ಎಂಬ ಮಾತೇ ಬಾಯಿಗೆ ಬರುತ್ತದೆ. ಮೇಲಾಗಿ, ಇಬ್ಬರು ಒಂದೇ ಕ್ಷಣದಲ್ಲಿ ಧಾರಣೆ ನಮೂದಿಸಿದಾಗ ಒಂದು ಅಳಿಸಿಹೋಗುವಂಥ ದೋಷದಿಂದ ಪರೀಕ್ಷೆ ಆಗಾಗ ತಪ್ಪುತ್ತಿದ್ದರೆ, ಆ ದೋಷ ಪರೀಕ್ಷೆಯದ್ದಲ್ಲ, ಆ್ಯಪಿನದ್ದೇ.

ಕೂಡಲೇ ಸರಿಪಡಿಸಲಾಗದ ಪರೀಕ್ಷೆಯನ್ನು ಬೇರೆ ಗುಂಪಿನಲ್ಲಿಟ್ಟು, ಅದರ ಫಲಿತಾಂಶ ಕೋಡನ್ನು ತಡೆಯದಂತೆ ಮಾಡುವುದಕ್ಕೆ ಕ್ವಾರಂಟೈನ್ ಎನ್ನುತ್ತಾರೆ. ಹಾಗೆ ಇಟ್ಟದ್ದಕ್ಕೆ ಹೊಣೆಗಾರರ ಹೆಸರೂ ಗಡುವೂ ಇರಬೇಕು. ಸರಿಪಡಿಸಿದ ಮೇಲೆ ಅದನ್ನು ನೂರಾರು ಬಾರಿ, ಪರೀಕ್ಷೆಗಳ ಸರದಿಯನ್ನು ಕಲಸಿಯೂ ಓಡಿಸಿ, ಒಮ್ಮೆಯೂ ತಪ್ಪದಿದ್ದರೆ ಮಾತ್ರ ಮೊದಲಿನ ಗುಂಪಿಗೆ ಸೇರಿಸುವುದು ರೂಢಿ.