ಅಂಗಡಿ ಕಾಂಪ್ಲೆಕ್ಸಿನಲ್ಲಿ ಕರೆಂಟು ಉಳಿಸಿದರೆ ಸರ್ಕಾರ ದುಡ್ಡು ಕೊಡುತ್ತದಾ?

ಪ್ರಶ್ನೆ: ಹೆದ್ದಾರಿ ಅಗಲ ಮಾಡುವಾಗ ನಮ್ಮ ಹಳೇ ಅಂಗಡಿ ಹೋಯಿತು. ಈಗ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಮೂರು ಮಹಡಿಯ ಕಾಂಪ್ಲೆಕ್ಸ್ ಕಟ್ಟಿಸಿ ಬಾಡಿಗೆಗೆ ಕೊಡುವ ಅಂದಾಜಿದೆ. ವಿದ್ಯುತ್ ಉಳಿಸುವ ಹಾಗೆ ಕಟ್ಟಿದರೆ ಸಬ್ಸಿಡಿ ಏನಾದರೂ ಸಿಗುತ್ತದಾ?

ಉತ್ತರ: ನಗದಾಗಿ ಕೈಗೆ ಬರುವಂಥದ್ದನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ. ಸೋಲಾರ್‌ಗೆ 78,000 ರೂಪಾಯಿ ಸಬ್ಸಿಡಿ ಎಂಬ ಜಾಹೀರಾತು ನೋಡಿರುತ್ತೀರಿ. ಅದು ಪಿಎಂ ಸೂರ್ಯಘರ್ ಯೋಜನೆಯದು, ವಾಸದ ಮನೆಗಳಿಗೆ ಮಾತ್ರ. ಅಂಗಡಿಗೂ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಅಡ್ವಾನ್ಸ್ ಕೊಡಬೇಡಿ.

ಸಿಗುವುದೇನಿದ್ದರೂ ತೆರಿಗೆಯಲ್ಲಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಆದಾಯ ತೆರಿಗೆಯಲ್ಲಿ ಅಂಗಡಿ ಕಟ್ಟಡಕ್ಕೆ ವರ್ಷಕ್ಕೆ ಶೇ. 10 ಡಿಪ್ರಿಸಿಯೇಶನ್ (ಸವಕಳಿಯೆಂದು ಆದಾಯದಿಂದ ಕಳೆಯುವ ಮೊತ್ತ) ಆದರೆ, ಸೋಲಾರ್ ಘಟಕಕ್ಕೆ ಶೇ. 40. ಅಂದರೆ 10 ಲಕ್ಷದ ಘಟಕ ಹಾಕಿದರೆ ಮೊದಲ ವರ್ಷವೇ 4 ಲಕ್ಷ ಖರ್ಚು ತೋರಿಸಬಹುದು; ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ.

ನಿಮ್ಮಂಥವರಿಗೆ ಪೆಟ್ಟು ಬೀಳುವುದು ಇಲ್ಲೇ. ಈ ಡಿಪ್ರಿಸಿಯೇಶನ್ ವ್ಯಾಪಾರದ ಆದಾಯಕ್ಕೆ. ಕಟ್ಟಡದ ಬಾಡಿಗೆಯನ್ನು ಆಸ್ತಿಯ ಆದಾಯವೆಂದು ತೋರಿಸಿದರೆ ಶೇ. 30ರ ನಿಗದಿತ ಕಡಿತ ಸಿಗುತ್ತದೆ, ಸೋಲಾರಿನ ಲಾಭ ಸಿಗುವುದಿಲ್ಲ. ಗಲ್ಫಿನಲ್ಲಿ ದುಡಿದ ದುಡ್ಡಿನಿಂದ ಕಾಂಪ್ಲೆಕ್ಸ್ ಕಟ್ಟಿ ಬಾಡಿಗೆ ನೆಚ್ಚಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ! ಪ್ಯಾನೆಲ್ ಆರ್ಡರ್ ಮಾಡುವ ಮೊದಲು ಸಿಎ ಹತ್ತಿರ ಕೂತು ಮಾತಾಡಿ. ಹಸಿರು ಕಟ್ಟಡವೆಂದು ಪ್ರಮಾಣಪತ್ರ ಪಡೆದವರಿಗೆ ಕಟ್ಟಡ ತೆರಿಗೆಯಲ್ಲಿ ರಿಯಾಯಿತಿ ಕೊಡುವುದಾಗಿ ಕೇರಳ ಸರ್ಕಾರ ಹೇಳಿದೆ. ಆದರೆ ಪ್ರಮಾಣಪತ್ರಕ್ಕೇ ಖರ್ಚುಂಟು, ಸಣ್ಣ ಕಟ್ಟಡಕ್ಕೆ ಅದು ಗಿಟ್ಟುತ್ತದೋ ಎಂದು ಪಂಚಾಯತಿನಲ್ಲಿ ಆದೇಶದ ಪ್ರತಿ ಕೇಳಿ ಲೆಕ್ಕ ಹಾಕಿ. ಕಟ್ಟಡದ ಲೋಡು, ಅಂದರೆ ಕನೆಕ್ಷನ್ ಪಡೆದ ವಿದ್ಯುತ್ ಸಾಮರ್ಥ್ಯ, 100 ಕಿಲೋವ್ಯಾಟ್ ಮುಟ್ಟಿದರೆ ಮಾತೇ ಬೇರೆ: ವಿದ್ಯುತ್ ಉಳಿಸುವ ಹಾಗೆ ಕಟ್ಟಬೇಕೆನ್ನುವ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಪಾಲಿಸಲೇಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಸಬ್ಸಿಡಿಗಿಂತ ದೊಡ್ಡ ಉಳಿತಾಯ ನಿಮ್ಮ ಕಟ್ಟಡದ ಮುಖದಲ್ಲಿದೆ. ಇಲ್ಲಿ ಹೆದ್ದಾರಿ ಹೆಚ್ಚುಕಡಿಮೆ ತೆಂಕು ಬಡಗಾಗಿ ಹೋಗುತ್ತದೆ. ರಸ್ತೆಯ ಮೂಡು ಬದಿಯ ಅಂಗಡಿಗಳೆಲ್ಲ ಪಡುವಣಕ್ಕೆ ಮುಖ ಮಾಡಿರುತ್ತವೆ. ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಬಿಸಿಲು ನೇರ ಗಾಜಿಗೇ. ಅಂಥ ಕಡೆ ಮೇಲಿಂದ ಕೆಳಗಿನವರೆಗೆ ಗಾಜು ಮೆತ್ತಿ, ಒಳಗೆ ಎರಡು ಎಸಿ ಸಾಲದೆ ಮೂರನೆಯದು ಹಾಕಿ, ಕೊನೆಗೆ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುತ್ತಾರೆ! ಅದರ ಬದಲು ಕೆಂಪುಕಲ್ಲಿನ ಗೋಡೆ, ಅಳತೆಯ ಕಿಟಕಿ, ಮುಂದೆ ಐದಾರು ಅಡಿಯ ಜಗಲಿಯ ಮಾಡು (ಸೂರು) ಇಟ್ಟರೆ ಬಿಸಿಲೂ ಮಳೆಯೂ ಹೊರಗೆ. ತಾರಸಿಗೆ ಬಿಸಿಲು ವಾಪಸ್ ಎಸೆಯುವ ಬಿಳಿ ಬಣ್ಣ ಬಳಿಸಿ.

ಎಸಿ ಕಡಿಮೆಯಾದರೆ ಲೋಡು ಇಳಿಯುತ್ತದೆ. ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ಲಿನಲ್ಲಿ ಲೋಡಿನ ಮೇಲಿನ ನಿಗದಿತ ಶುಲ್ಕ ಬಳಸಿದರೂ ಬಿಟ್ಟರೂ ತಿಂಗಳು ತಿಂಗಳು ಬರುವಂಥದ್ದು. ಬಿಲ್ಲು ಕಟ್ಟುವವರು ಬಾಡಿಗೆದಾರರು, ನನಗೇನು ಲಾಭ ಎನ್ನುತ್ತೀರಾ? ಅಗ್ರಿಮೆಂಟ್ ಬರೆಯುವ ಮೊದಲು ಪಕ್ಕದ ಗಾಜಿನ ಕಟ್ಟಡದ ಬೇಸಗೆಯ ಬಿಲ್ಲೊಂದನ್ನು ಅವರ ಮುಂದಿಟ್ಟು, ಚದರಡಿಗೆ ಒಂದೆರಡು ರೂಪಾಯಿ ಹೆಚ್ಚು ಕೇಳಿ ನೋಡಿ.